ಹೆಡ್‌ಫೋನ್ ತೆಗೆದ ಮೇಲೂ ಲ್ಯಾಪ್‌ಟಾಪಿನ ಸ್ಪೀಕರಲ್ಲಿ ಸೌಂಡ್ ಬರುವುದಿಲ್ಲ, ಯಾಕೆ?

ಹೆಚ್ಚಾಗಿ ಸ್ಪೀಕರ್ ಹಾಳಾದದ್ದಲ್ಲ, ಹೆಡ್‌ಫೋನ್ ಇನ್ನೂ ಒಳಗೇ ಉಂಟು ಅಂತ ಲ್ಯಾಪ್‌ಟಾಪ್ ಗ್ರಹಿಸಿಕೊಂಡಿರ್ತದೆ. 3.5 ಮಿ.ಮೀ. ಜಾಕಿನ ಒಳಗೆ ಪಿನ್ನನ್ನು ಒತ್ತಿ ಹಿಡಿಯುವ ಸಣ್ಣ ಸಣ್ಣ ಸ್ಪ್ರಿಂಗ್ ಪಟ್ಟಿಗಳಿರ್ತವೆ, ಅದರಲ್ಲಿ ಒಂದು ಸ್ವಿಚ್ಚಿನ ಕೆಲಸ ಮಾಡ್ತದೆ, ಪಿನ್ ಹಾಕಿದಾಗ ಅದು ಸರಿದು ಸ್ಪೀಕರ್ ಬಂದ್ ಆಗ್ತದೆ, ತೆಗೆದಾಗ ಅದು ಮೊದಲಿನ ಜಾಗಕ್ಕೇ ಬಂದು ಕೂರ್ಬೇಕು. ಪಟ್ಟಿ ಬಗ್ಗಿದ್ರೆ, ಧೂಳು ಕೂತ್ರೆ, ಕಿಲುಬು ಹಿಡಿದ್ರೆ ಅದು ಆಗುವುದಿಲ್ಲ. ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಕಡಲಿನ ಉಪ್ಪುಗಾಳಿ ಬೇರೆ, ಜೂನ್ ಬಂತೂಂದ್ರೆ ಮಳೆಯ ಥಂಡಿ ಬೇರೆ, ಕಿಲುಬು ಬೇಗ ಹಿಡೀತದೆ.

ಮೊದಲು ಪಿನ್ನನ್ನು ಹತ್ತಿಪ್ಪತ್ತು ಸಲ ಹಾಕಿ ತೆಗ್ದು ನೋಡಿ, ತೆಳು ಕಿಲುಬಾದ್ರೆ ಉಜ್ಜಿಯೇ ಹೋಗ್ತದೆ. ಆಗದಿದ್ರೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗ್ದು, ಹಲ್ಲಿನ ಸಂದು ಕ್ಲೀನ್ ಮಾಡುವ ಸಪೂರ ಬ್ರಶ್ಶನ್ನು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ, ಅಂದ್ರೆ ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸುವ ಸ್ಪಿರಿಟಲ್ಲಿ, ಸ್ವಲ್ಪವೇ ಅದ್ದಿ ಒಳಗೆ ಮೆಲ್ಲ ತಿರುಗಿಸಿ, ಚೆನ್ನಾಗಿ ಆರಿದ ಮೇಲೆಯೇ ಆನ್ ಮಾಡಿ. ಸೂಜಿ ಹಾಕಿ ಕೆದಕ್ಬೇಡಿ, ಪಟ್ಟಿ ಮುರೀತದೆ. ತೆಂಗಿನೆಣ್ಣೆ ಬಿಡುವವರೂ ಇದ್ದಾರೆ, ದಯವಿಟ್ಟು ಬೇಡ, ಧೂಳೆಲ್ಲ ಅದಕ್ಕೇ ಅಂಟ್ತದೆ.

ಇಷ್ಟಕ್ಕೂ ಸರಿಯಾಗದಿದ್ರೆ ಜಾಕ್ ಬದಲಿಸ್ಬೇಕು. ಕೆಲವು ಮಾಡೆಲಲ್ಲಿ ಜಾಕ್ ಬೇರೆಯೇ ಸಣ್ಣ ಬೋರ್ಡಲ್ಲಿರ್ತದೆ, ಖರ್ಚು ಕಡಿಮೆ, ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾದ್ರೂ ಜಾಕ್ ಒಂದನ್ನೇ ಕಿತ್ತು ಬೇರೆ ಹಾಕ್ಲಿಕ್ಕೆ ಆಗ್ತದೆ, ಮದರ್‌ಬೋರ್ಡೇ ಹೊಸತು ಬೇಕು ಅಂತ ಹೇಳಿದ್ರೆ ಇನ್ನೊಂದು ಕಡೆ ತೋರಿಸಿ.