ಅಸೆಂಬ್ಲಿ ಲೈನ್ ಹುಟ್ಟಿದ ಕಾರ್ಖಾನೆಯಿಂದಲೇ ಫೋರ್ಡ್ ಯಾಕೆ ಹೊರಬಂತು?

ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್, ಅಂದರೆ ಫೋರ್ಡ್ ತನ್ನ ಮಾಡೆಲ್ ಟಿ ಕಾರು ತಯಾರಿಸುತ್ತಿದ್ದ ಕಾರ್ಖಾನೆ, ಅಷ್ಟು ಚೆನ್ನಾಗಿ ನಡೀತಿದ್ದರೂ 1927ರಲ್ಲಿ ಕಾರಿನ ಕೆಲಸವನ್ನು ಅಲ್ಲಿಂದ ಯಾಕೆ ಸಾಗಿಸಿದರು, ಜಾಗ ಸಾಲಲಿಲ್ಲವಾ ಅಂತ ಕೇಳಿದ್ದೀರಿ. ಜಾಗವೂ ಒಂದು ಕಾರಣ. ಆದರೆ ಕಾರ್ಖಾನೆಗಳ ಲೇಔಟ್ ಕೆಲಸದಲ್ಲೇ ಇರುವ ನನಗೆ ದೊಡ್ಡ ಕಾರಣವಾಗಿ ಕಾಣುವುದು ಆ ಕಟ್ಟಡದ ಮಹಡಿಗಳು.

1910ರ ಜನವರಿಯಲ್ಲಿ ಅದು ಶುರುವಾದಾಗ ಚಲಿಸುವ ಅಸೆಂಬ್ಲಿ ಲೈನ್, ಅಂದರೆ ಜನ ನಿಂತಲ್ಲೇ ನಿಂತು, ಕೆಲಸದ ವಸ್ತು ಅವರ ಮುಂದೆ ಸಾಗುತ್ತಾ ಹೋಗುವ ವ್ಯವಸ್ಥೆ, ಇರಲೇ ಇಲ್ಲ. ಆಲ್ಬರ್ಟ್ ಕಾನ್ ವಿನ್ಯಾಸ ಮಾಡಿದ್ದು ನಾಲ್ಕು ಮಹಡಿಯ ಕಾಂಕ್ರೀಟ್ ಕಟ್ಟಡ: ಉದ್ದ 865 ಅಡಿ, ಅಗಲ ಬರೀ 75. ಗೋಡೆ ತುಂಬಾ ಗಾಜು. ಸಾಮಾನನ್ನು ಮೇಲಕ್ಕೆ ಎತ್ತಿ, ತಯಾರಾದ ಭಾಗಗಳನ್ನು ಇಳಿಜಾರಿನಲ್ಲಿ ಕೆಳಗೆ ಜಾರಿಸುವುದು ಅಂದಿನ ಲೆಕ್ಕಾಚಾರ.

1913ರ ಏಪ್ರಿಲ್‌ನಲ್ಲಿ ಮ್ಯಾಗ್ನೆಟೊ (ಎಂಜಿನ್‌ನಲ್ಲಿ ಕಿಡಿ ಹೊತ್ತಿಸಲು ವಿದ್ಯುತ್ ಕೊಡುವ ಭಾಗ) ವಿಭಾಗದಲ್ಲಿ ಎಲ್ಲಾ ಬದಲಾಯಿತು. ಒಬ್ಬನೇ ಕೂತು ಒಂದನ್ನು ಜೋಡಿಸಲು ಸುಮಾರು 20 ನಿಮಿಷ ಬೇಕಿತ್ತು. ಕೆಲಸವನ್ನು 29 ಜನರಿಗೆ ಹಂಚಿ, ಒಬ್ಬರಿಂದ ಇನ್ನೊಬ್ಬರಿಗೆ ಸರಿಸುತ್ತಾ ಹೋದಾಗ, ಒಂದಕ್ಕೆ ತಗಲುವ ಒಟ್ಟು ಶ್ರಮ 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಮುಂದಿನ ವರ್ಷ ಲೈನನ್ನು 8 ಇಂಚು ಎತ್ತರಿಸಿದರು, ಬಗ್ಗಿ ಕೆಲಸ ಮಾಡುವುದು ತಪ್ಪಿತು, 7 ನಿಮಿಷ ಆಯಿತು. ಆಮೇಲೆ ಸರಪಳಿ ಹಾಕಿ ಎಳೆಸಿದರು, 5 ನಿಮಿಷ. ಬರೀ ಎಂಟು ಇಂಚಿಗೆ ಅಷ್ಟು ವ್ಯತ್ಯಾಸ! ಈ ಉದ್ಯಮದ ಇತಿಹಾಸದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಪ್ರಸಂಗ ಇಲ್ಲ.

ಚಾಸಿಗೂ, ಅಂದರೆ ಕಾರಿನ ಚೌಕಟ್ಟಿನ ಜೋಡಣೆಗೂ, ಅದೇ ವಿಧಾನ ಬಂತು. ಹನ್ನೆರಡೂವರೆ ಗಂಟೆಯ ಕೆಲಸ 1914ರ ಹೊತ್ತಿಗೆ 93 ನಿಮಿಷಕ್ಕೆ ಮುಗಿಯುತ್ತಿತ್ತು. ಇದರ ಬೆಲೆ ತೆತ್ತವರು ಕಾರ್ಮಿಕರು, ಅದನ್ನು ಮರೆಯಬಾರದು. ಒಂದೇ ಕೆಲಸವನ್ನು ಇಡೀ ದಿನ ಮಾಡಲಾಗದೆ ಜನ ಗುಂಪುಗುಂಪಾಗಿ ಬಿಟ್ಟು ಹೋಗುತ್ತಿದ್ದರು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಘೋಷಿಸಿದ್ದರ ಹಿಂದೆ ಈ ಒತ್ತಡವೂ ಇತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಲೈನ್‌ಗೆ ಬೇಕಾಗಿದ್ದು ನೇರವಾದ, ಉದ್ದನೆಯ ನೆಲ. ಹೈಲ್ಯಾಂಡ್ ಪಾರ್ಕ್‌ನಲ್ಲಿ ಸಾಮಾನು ಹತ್ತುತ್ತಾ ಇಳಿಯುತ್ತಾ ಇರಬೇಕಿತ್ತು, ಮುಂದೆ ಸೇರಿಸಿದ ಕಟ್ಟಡಗಳಿಗಂತೂ ಆರು ಮಹಡಿ. ಡಿಯರ್‌ಬಾರ್ನ್‌ನ ರೂಜ್ ನದಿ ದಂಡೆಯಲ್ಲಿ ಹಾಗಿಲ್ಲ. ಅಲ್ಲಿ ಮೊದಲ ಮಹಾಯುದ್ಧಕ್ಕೆ ಈಗಲ್ ಎಂಬ ಯುದ್ಧ ದೋಣಿಗಳನ್ನು ಕಟ್ಟಲೆಂದು 1918ರಲ್ಲಿ ಎದ್ದ ಬಿ ಬಿಲ್ಡಿಂಗ್‌ನ ಉದ್ದ ಸುಮಾರು ಮೂರನೇ ಒಂದು ಮೈಲಿ. ಅದನ್ನೂ ವಿನ್ಯಾಸ ಮಾಡಿದ್ದು ಕಾನ್ ಅವರೇ. ಜೊತೆಗೆ ಕಬ್ಬಿಣದ ಅದಿರು ತುಂಬಿದ ಹಡಗು ಕಾರ್ಖಾನೆ ಬಾಗಿಲಿಗೇ ಬರುತ್ತಿತ್ತು, ಉಕ್ಕು ಗಾಜು ಎಲ್ಲಾ ಅಲ್ಲೇ ತಯಾರಾಗುತ್ತಿತ್ತು. ಹಾಗಾಗಿ 1927ರಲ್ಲಿ ಮಾಡೆಲ್ ಟಿ ನಿಂತು ಮಾಡೆಲ್ ಎ ಬಂದಾಗ, ಹೊಸ ಕಾರಿನ ಲೈನ್ ರೂಜ್‌ನಲ್ಲೇ ಶುರುವಾಯಿತು.

ಅಂದಹಾಗೆ ಹೈಲ್ಯಾಂಡ್ ಪಾರ್ಕನ್ನು ಪೂರ್ತಿ ಬಿಡಲಿಲ್ಲ, ಮುಂದೆ ಅಲ್ಲಿ ಟ್ರ್ಯಾಕ್ಟರ್ ತಯಾರಾದವು. ಡೆಟ್ರಾಯಿಟ್ ಕಡೆ ಹೋದರೆ 1904ರ ಪಿಕೆಟ್ ಅವೆನ್ಯೂ ಕಾರ್ಖಾನೆ ನೋಡಿ, ಈಗ ಮ್ಯೂಸಿಯಂ ಆಗಿದೆ. ಮೊದಲ ಮಾಡೆಲ್ ಟಿಗಳು ತಯಾರಾಗಿದ್ದು ಆ ಮೂರು ಮಹಡಿಯ ಇಟ್ಟಿಗೆ ಕಟ್ಟಡದಲ್ಲೇ. ಅದಾದ ಮೇಲೆ ರೂಜ್ ಟೂರ್ ಮಾಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.