ಮುದಿ ಬೆಕ್ಕು ಮೂಲೆ ಹಿಡಿದಾಗ

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ 14 ವರ್ಷ. ಬಚ್ಚಲ ಒಲೆಯ ಪಕ್ಕದಿಂದ ಕದಲದಿದ್ದ ಅದು ನಾಲ್ಕು ದಿನಗಳಿಂದ ಸೌದೆ ರಾಶಿಯ ಹಿಂದೆ ಅಡಗಿ ಕುಳಿತಿದೆ. ಕರೆದರೂ ಬರುವುದಿಲ್ಲ, ಊಟವೂ ತೀರಾ ಕಡಿಮೆ. ಬೆಕ್ಕಿಗೆ ಸಾವು ಮೊದಲೇ ತಿಳಿಯುತ್ತದೆ, ಯಾರ ಕಣ್ಣಿಗೂ ಬೀಳದೆ ಸಾಯುವುದು ಅದರ ಗುಣ, ಹಾಗೇ ಬಿಡು ಎನ್ನುತ್ತಾರೆ ಅತ್ತೆ. ಇದು ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಅತ್ತೆಯವರು ಕಂಡದ್ದು ಸುಳ್ಳಲ್ಲ, ಆದರೆ ಅವರು ಹೇಳುವ ಕಾರಣವನ್ನು ಒಪ್ಪಲಾರೆ. ಬೆಕ್ಕಿಗೆ ತನ್ನ ಸಾವಿನ ಮುನ್ನರಿವು ಇರುತ್ತದೆ ಎನ್ನಲು ಆಧಾರವಿಲ್ಲ. ಮೈಯಲ್ಲಿ ತ್ರಾಣವಿಲ್ಲ, ಯಾವುದಾದರೂ ಪ್ರಾಣಿ ಮೇಲೆ ಬಿದ್ದರೆ ಓಡಲಾಗದು ಎಂಬುದಷ್ಟೇ ಅದರ ಅನುಭವಕ್ಕೆ ಬರುತ್ತದೆ. ಆಗ ಅದು ಬೆನ್ನಿಗೆ ಗೋಡೆ ಇರುವ, ಕತ್ತಲೆಯ ಜಾಗ ಹುಡುಕುತ್ತದೆ. ಸಾಕುಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು. ಇಲಿ, ಹಲ್ಲಿಯಂಥ ಒಂದೇ ಹೊಟ್ಟೆಗೆ ಸಾಲುವ ಬೇಟೆಯನ್ನು ಒಂಟಿಯಾಗಿ ಹಿಡಿದು ಬದುಕುವ ಆ ಪ್ರಾಣಿ ದೊಡ್ಡ ಮೃಗಗಳಿಗೆ ತಾನೇ ಆಹಾರವೂ ಹೌದು. ಕಾಯಿಲೆ ಬಿದ್ದರೆ ಕಾಯುವ ಗುಂಪು ಅದಕ್ಕಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕು ಸಿಕ್ಕಿದೆ. ಅಷ್ಟು ಹಳೆಯ ನಂಟಿದ್ದರೂ ನೋವನ್ನು ಮುಚ್ಚಿಡುವ ಸ್ವಭಾವ ಮಾತ್ರ ಹೋಗಿಲ್ಲ.

ಆದ್ದರಿಂದ ಅಡಗುವುದನ್ನು ಸಾವಿನ ಸೂಚನೆ ಎಂದಲ್ಲ, ಕಾಯಿಲೆಯ ಲಕ್ಷಣ ಎಂದು ತಿಳಿಯಿರಿ. ಈ ವಯಸ್ಸಿನಲ್ಲಿ ಮೂತ್ರಪಿಂಡದ ತೊಂದರೆ, ಥೈರಾಯ್ಡ್ ಏರುವುದು, ಹಲ್ಲುನೋವು, ಕೀಲುನೋವು ಸಾಮಾನ್ಯ. ಅಡಗಿದ ಬೆಕ್ಕುಗಳಲ್ಲಿ ಹಲವು ಚಿಕಿತ್ಸೆಯ ನಂತರ ಮತ್ತೆ ಒಲೆಯ ಪಕ್ಕಕ್ಕೆ ಬಂದು ಮಲಗಿದ್ದನ್ನು ಕಂಡಿದ್ದೇನೆ. ಇತ್ತೀಚೆಗೆ ನೀರು ಹೆಚ್ಚು ಕುಡಿಯುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಹೆಗಲ ಮೇಲಿನ ಚರ್ಮವನ್ನು ಮೆಲ್ಲನೆ ಎತ್ತಿ ಬಿಟ್ಟು ನೋಡಿ: ಕೂಡಲೇ ಇಳಿಯದೆ ಮಡಿಕೆಯಾಗಿ ನಿಂತರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿರಬಹುದು, ಆದರೆ ಮುದಿ ಬೆಕ್ಕಿನ ಚರ್ಮ ಸಡಿಲವಾಗಿರುವುದರಿಂದ ಇದೊಂದನ್ನೇ ನಂಬಬೇಡಿ. ಒಸಡು ಬಿಳಿಚಿದೆಯೇ ಎಂಬುದನ್ನೂ ನೋಡಿ ವೈದ್ಯರಿಗೆ ತಿಳಿಸಿ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ಕಾಯಿಲೆ ಶುರುವಾಗಬಹುದು. ತಡಮಾಡದೆ, ದಪ್ಪ ಟವೆಲ್‌ನಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಒಯ್ಯಿರಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಖಂಡಿತ ಕೊಡಬೇಡಿ, ಬೆಕ್ಕಿಗೆ ಒಂದು ಮಾತ್ರೆಯೇ ಪ್ರಾಣಾಂತಿಕವಾಗಬಲ್ಲದು.

ವಾಸಿಯಾಗುವ ಹಂತ ದಾಟಿದೆ ಎಂದು ವೈದ್ಯರು ಹೇಳಿದರೆ ಅದರ ಏಕಾಂತವನ್ನು ಗೌರವಿಸಿ, ಆದರೆ ಮನೆಯೊಳಗೇ. ಹೊರಗೆ ಬಿಟ್ಟರೆ ಅಡಗಲೂ ಶಕ್ತಿಯಿಲ್ಲದ ಅದು ಬೀದಿನಾಯಿಗಳ ಬಾಯಿಗೆ ಬೀಳುತ್ತದೆ. ಒಂದು ಬದಿ ತಗ್ಗಿಸಿದ ರಟ್ಟಿನ ಪೆಟ್ಟಿಗೆಗೆ ಹಳೆಯ ಹತ್ತಿ ಸೀರೆ ಹಾಸಿ. ನೀರು, ಮರಳಿನ ತಟ್ಟೆ ಎರಡು ಹೆಜ್ಜೆಯಲ್ಲಿರಲಿ. ಉಗುರುಬೆಚ್ಚಗಿನ ಮೀನಿನ ಸಪ್ಪೆ ಸಾರಿನ ವಾಸನೆಗೆ ಕೆಲವು ಬೆಕ್ಕುಗಳು ತಲೆಯೆತ್ತುತ್ತವೆ. ಎತ್ತಿ ಮುದ್ದಿಸಬೇಡಿ, ಹತ್ತಿರ ಸುಮ್ಮನೆ ಕುಳಿತಿರಿ. ಬೇಕೆನಿಸಿದರೆ ಅದೇ ಬಂದು ತಾಗಿಕೊಳ್ಳುತ್ತದೆ. ಬಾಯಿ ತೆರೆದು ಉಸಿರಾಡತೊಡಗಿದರೆ, ಅಥವಾ ನೋವಿನಿಂದ ಕೂಗತೊಡಗಿದರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕರೆಯಿರಿ, ದಯಾಮರಣದ ಬಗ್ಗೆ ಸಂಕೋಚವಿಲ್ಲದೆ ಕೇಳಿ.