ಬ್ಯಾಟರಿ ಕುಡಿಯುವ ಕಳ್ಳ, ಸೊನ್ನೆ ತೋರಿಸುವ ಮೀಟರು

ಪ್ರಶ್ನೆ: ನಾಲ್ಕು ದಿನ ಕಾರು ತೆಗೆಯದಿದ್ದರೆ ಬ್ಯಾಟರಿ ಡೌನ್. ಬ್ಯಾಟರಿ ಹೊಸದು, 45 ಆಂಪ್ ಅವರ್ ಸಾಮರ್ಥ್ಯದ್ದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಎಲ್ಲೋ ಕರೆಂಟು ಸೋರುತ್ತಿರಬೇಕು ಅಂತ ಕಡಿಮೆ ಬೆಲೆಯ ಕ್ಲ್ಯಾಂಪ್ ಮೀಟರ್ (ಇಕ್ಕಳದಂಥ ಬಾಯಿಯೊಳಗೆ ತಂತಿ ಹಿಡಿದು ಕರೆಂಟು ಅಳೆಯುವಂಥದ್ದು) ಒಂದನ್ನು ಕೊಂಡೆ. ಹೆಡ್‌ಲೈಟ್ ಹಾಕಿ ಬ್ಯಾಟರಿ ಕೇಬಲ್‌ಗೆ ಹಿಡಿದರೂ 0.00 ಅನ್ನುತ್ತದೆ. ಮೀಟರೇ ಕೆಟ್ಟಿದೆಯಾ? ಬೇರೆ ತಗೊಳ್ಳುವುದಾದರೆ ಯಾವುದು? ಜಾಸ್ತಿ ಖರ್ಚು ಮಾಡುವ ಹಾಗಿಲ್ಲ.

ಉತ್ತರ: ಮೀಟರ್ ಕೆಟ್ಟಿಲ್ಲ. ಅದು ನಿಮ್ಮ ಕಾರಿಗಾಗಿ ಮಾಡಿದ್ದಲ್ಲ, ಅಷ್ಟೇ.

ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಬಹಳಷ್ಟರ ಬಾಯಿಯೊಳಗೆ ಇರುವುದು ಒಂದು ಸಣ್ಣ ಟ್ರಾನ್ಸ್‌ಫಾರ್ಮರ್. ಕರೆಂಟು ಏರಿಳಿಯುತ್ತಿದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ, ಅಂದರೆ ಎಸಿ. ಕಾರಿನ ಬ್ಯಾಟರಿಯಿಂದ ಹರಿಯುವುದು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು. ಅದನ್ನು ಹಿಡಿಯಲು ಬಾಯಿಯೊಳಗೆ ಹಾಲ್ (Hall) ಸೆನ್ಸರ್, ಅಂದರೆ ಕರೆಂಟಿನ ಸುತ್ತಲಿನ ಕಾಂತಕ್ಷೇತ್ರವನ್ನು ಗುರುತಿಸುವ ಸೆನ್ಸರ್ ಬೇಕು. ಗೊಂದಲ ಶುರುವಾಗುವುದು ಡಬ್ಬಿಯ ಮೇಲಿನ ಬರಹದಿಂದ. ನಾನೂ ಒಮ್ಮೆ ಏಮಾರಿದ್ದೇನೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಎಸಿ/ಡಿಸಿ' ಅಂತಿತ್ತು, ಖುಷಿಯಿಂದ ತಂದೆ, ಮನೆಗೆ ಬಂದು ನೋಡಿದರೆ ಆ ಡಿಸಿ ಬರೀ ವೋಲ್ಟೇಜಿಗೆ, ಅದೂ ಕೆಂಪು-ಕಪ್ಪು ಪ್ರೋಬ್ ಚುಚ್ಚಿ ಅಳೆಯುವುದಕ್ಕೆ! ಹಾಗಾಗಿ ಡಬ್ಬಿ ಬಿಡಿ, ಮೀಟರಿನ ತಿರುಗುವ ಸ್ವಿಚ್ಚಿನ ಸುತ್ತ ನೋಡಿ. ಆಂಪಿಯರ್ ಗುರುತಿನ ಪಕ್ಕ ಅಲೆಯಂಥ ಗೆರೆ ಒಂದೇ ಇದ್ದರೆ ವಾಪಸ್ ಇಡಿ. ನೇರ ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ ಇದ್ದರೆ ಡಿಸಿ ಕರೆಂಟನ್ನೂ ಅಳೆಯುತ್ತದೆ.

ಅಷ್ಟಕ್ಕೇ ತಗೊಂಡುಬಿಡಬೇಡಿ. 400 ಆಂಪ್, 600 ಆಂಪ್ ಅಂತ ದೊಡ್ಡ ಅಂಕಿ ನೋಡಿ ಜನ ಮರುಳಾಗುತ್ತಾರೆ, ಆದರೆ ನಿಮಗೆ ಬೇಕಾಗಿರುವುದು ಚಿಕ್ಕ ಅಂಕಿ. ಲಾಕ್ ಮಾಡಿ ನಿಲ್ಲಿಸಿದ ಕಾರು ಸಾಮಾನ್ಯವಾಗಿ 50 ಮಿಲಿಆಂಪ್‌ಗಿಂತ, ಅಂದರೆ 0.05 ಆಂಪ್‌ಗಿಂತ ಕಡಿಮೆ ಎಳೆಯಬೇಕು. 0.1 ಆಂಪ್‌ಗಿಂತ ಸಣ್ಣದನ್ನು ತೋರಿಸಲಾಗದ ಮೀಟರಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಿಮ್ಮ ಲೆಕ್ಕವನ್ನೇ ನೋಡಿ. 300 ಮಿಲಿಆಂಪ್ ಸೋರಿದರೆ ದಿನಕ್ಕೆ 7 ಆಂಪ್ ಅವರ್ ಚಿಲ್ಲರೆ, ನಾಲ್ಕು ದಿನಕ್ಕೆ ಸುಮಾರು 29. ಉಳಿದದ್ದರಲ್ಲಿ ಸೆಲ್ಫ್ ಎತ್ತುವುದು ಕಷ್ಟ. ನಿಮ್ಮ ಕಳ್ಳ ಹೆಚ್ಚುಕಡಿಮೆ ಆ ಗಾತ್ರದವನೇ ಇರಬೇಕು.

ಕಡಿಮೆ ಖರ್ಚಿನಲ್ಲಿ ಈ ಕೆಲಸಕ್ಕೆ ನಾನು ಹೇಳುವುದು ಯೂನಿ-ಟಿ ಯುಟಿ210ಇ. ಮಾದರಿ ಅಕ್ಷರ ಸರಿಯಾಗಿ ನೋಡಿ ತಗೊಳ್ಳಿ, ಅದೇ ಸಾಲಿನ ಕೆಲವು ಮೀಟರುಗಳು ಬರೀ ಎಸಿ. ಇದರಲ್ಲಿ 2 ಆಂಪ್, 20 ಆಂಪ್, 100 ಆಂಪ್ ಅಂತ ಮೂರು ರೇಂಜ್. 2 ಆಂಪ್ ರೇಂಜಿನಲ್ಲಿ 1 ಮಿಲಿಆಂಪ್ ತನಕ ಅಂಕಿ ಓಡುತ್ತದೆ. ಕೊರತೆಯೂ ಇದೆ. ಬಾಯಿ ಚಿಕ್ಕದು, ಮತ್ತೆ ಸೆಲ್ಫ್ ಹೊಡೆಯುವಾಗಿನ ಕರೆಂಟು ಅಳೆಯಲು ಆಗುವುದಿಲ್ಲ, ಯಾಕಂದರೆ ಪೆಟ್ರೋಲ್ ಕಾರಿನ ಸೆಲ್ಫ್ ಮೋಟರೇ 100 ಆಂಪ್ ದಾಟಿಬಿಡುತ್ತದೆ, ಡೀಸೆಲ್‌ದು ಇನ್ನೂ ಜಾಸ್ತಿ. ಅದಕ್ಕೆ 400 ಆಂಪ್‌ನ ಬೇರೆ ಮೀಟರ್ ಬೇಕು. ನಿಮಗೆ ಈಗ ಅದು ಬೇಕಿಲ್ಲ ಅಲ್ವಾ?

ಬಳಸುವಾಗ ಒಂದು ತಮಾಷೆ ನೋಡುತ್ತೀರಿ. ಏನನ್ನೂ ಹಿಡಿಯದೆ ಸುಮ್ನೆ ಮೀಟರನ್ನು ಗಾಳಿಯಲ್ಲಿ ತಿರುಗಿಸಿ. ಅಂಕಿ ಬದಲಾಗುತ್ತದೆ! ಭೂಮಿಯ ಕಾಂತಕ್ಷೇತ್ರವನ್ನೂ ಆ ಸೆನ್ಸರ್ ಹಿಡಿಯುತ್ತದೆ. ಆದ್ದರಿಂದ ಯಾವ ಜಾಗದಲ್ಲಿ, ಯಾವ ಕೋನದಲ್ಲಿ ಅಳೆಯುತ್ತೀರೋ ಅಲ್ಲೇ, ಕೇಬಲ್ ಪಕ್ಕದಲ್ಲೇ, ಬಾಯಿ ಪೂರ್ತಿ ಮುಚ್ಚಿಕೊಂಡು ಝೀರೋ ಬಟನ್ ಒತ್ತಿ, ಆಮೇಲೆ ಕೈ ಅಲ್ಲಾಡಿಸದೆ ಕೇಬಲ್‌ಗೆ ಹಾಕಿ. ನೆಗೆಟಿವ್ ಟರ್ಮಿನಲ್‌ನಿಂದ ಎರಡು ಕೇಬಲ್ ಹೊರಟಿದ್ದರೆ ಎರಡೂ ಬಾಯಿಯೊಳಗೆ ಬರಬೇಕು. ಪ್ಲಸ್ ಮತ್ತು ಮೈನಸ್ ಮಾತ್ರ ಒಟ್ಟಿಗೆ ಹಿಡಿಯಬೇಡಿ, ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಬರುತ್ತದೆ.

ಲಾಕ್ ಮಾಡಿದ ತಕ್ಷಣ ಅಳೆದು ಗಾಬರಿಯಾಗಬೇಡಿ. ಒಳಗಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಕೆಲವು ಕಾರುಗಳಲ್ಲಿ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಲ್ಲಿಯವರೆಗೆ ಬಾಗಿಲು ತೆಗೆಯಬೇಡಿ, ಕೀಲಿಯನ್ನು ದೂರ ಇಡಿ. ಆಮೇಲೂ ಅಂಕಿ ಇಳಿಯದಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಯಾವುದನ್ನು ಕಿತ್ತಾಗ ಅಂಕಿ ಧಪ್ಪಂತ ಬೀಳುತ್ತದೋ ಆ ಸಾಲಿನಲ್ಲೇ ಕಳ್ಳ ಇದ್ದಾನೆ. ಫ್ಯೂಸ್ ಪೆಟ್ಟಿಗೆ ಕಾರಿನ ಒಳಗಿದ್ದರೆ ಆ ಬಾಗಿಲನ್ನು ಮೊದಲೇ ತೆರೆದು, ಸ್ಕ್ರೂಡ್ರೈವರ್‌ನಿಂದ ಲ್ಯಾಚ್ ತಿರುಗಿಸಿ ಮುಚ್ಚಿದ ಹಾಗೆ ಮಾಡಿಕೊಳ್ಳಿ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಡ್ಯಾಶ್ ಕ್ಯಾಮೆರಾ ಇದ್ದರೆ ನನ್ನ ಮೊದಲ ಅನುಮಾನ ಅವುಗಳ ಮೇಲೆ.

ಮಾಮೂಲಿ ಮಲ್ಟಿಮೀಟರನ್ನೇ ಬ್ಯಾಟರಿ ಕೇಬಲ್ ಮಧ್ಯೆ ಸೇರಿಸಿ ಅಳೆಯಬಾರದಾ ಅಂತ ಕೇಳಬಹುದು. ಅಳೆಯಬಹುದು. ಆದರೆ ಕೇಬಲ್ ಬಿಚ್ಚಿದಾಗ ಕೆಲವೊಮ್ಮೆ ಸೋರಿಸುತ್ತಿದ್ದ ಭಾಗವೇ ರೀಸೆಟ್ ಆಗಿ ಒಳ್ಳೆಯವನ ಥರ ಕೂತುಬಿಡುತ್ತದೆ, ಮತ್ತೆ ಮರೆತು ಯಾರಾದರೂ ಸೆಲ್ಫ್ ಹೊಡೆದರೆ ಮೀಟರಿನ 10 ಆಂಪ್ ಫ್ಯೂಸ್ ಢಮಾರ್.

ಹಳೆಯ ಮೀಟರನ್ನು ಬಿಸಾಡಬೇಡಿ. ಅದರ ವೋಲ್ಟೇಜ್ ಪ್ರೋಬ್ ಕಾರಿಗೂ ಬರುತ್ತದೆ, ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಆಸುಪಾಸು ಇದೆಯಾ ಅಂತ ನೋಡಿಕೊಳ್ಳಿ. ಕ್ಲ್ಯಾಂಪನ್ನು ಮನೆಯ ಪಂಪಿಗೆ, ಫ್ರಿಜ್ಜಿಗೆ ಬಳಸಿ. ಅಲ್ಲೂ ಒಂದೇ ತಂತಿ ಹಿಡಿಯಿರಿ. ಇಡೀ ವೈರಿಗೆ ಹಾಕಿ, ಮತ್ತೆ ಸೊನ್ನೆ ಬಂತು ಅಂತ ಇನ್ನೊಂದು ಪತ್ರ ಬರೆಯಬೇಡಿ ಮಾರಾಯ್ರೇ!